ಹಿಡಿತ ಸಡಿಲಿಸು, ಆಟ ಬಿಡಬ್ಯಾಡ

ತಂಗೀ,

ನಿನ್ನ ಬ್ಯಾಡ್ಮಿಂಟನ್ ಬ್ಯಾಟು ತಮ್ಮನ ಪಾಲಾಯಿತೆಂದು ನಿಮ್ಮವ್ವ ಫೋನಿನಲ್ಲಿ ಹೇಳಿದಳು. ಕೊಟ್ಟದ್ದಕ್ಕೆ ನನ್ನ ತಕರಾರಿಲ್ಲ, ಬ್ಯಾಟು ಇನ್ನೊಂದು ಸಿಗುತ್ತದೆ. "ಡಾಕ್ಟರ್ ರುಮಟಾಯ್ಡ್ ಅಂದಾರ, ಇನ್ನ ನನ್ನ ಆಟ ಮುಗೀತು" ಎಂದೆಯಂತಲ್ಲ, ನನ್ನ ತಕರಾರು ಆ ಮಾತಿನ ಮೇಲೆ. ಇಪ್ಪತ್ತೆಂಟಕ್ಕೇ ಆಟ ಮುಗಿಯುವುದಾದರೆ, ಎಪ್ಪತ್ತು ದಾಟಿದ ನಾನು ಕೌದಿ ಹೊಲಿಯುತ್ತ, ಸಂಜೆ ಓಣಿಯ ಹುಡುಗರ ಜೊತೆ ಕೇರಂ ಆಡುತ್ತ ಕೂತಿರುವುದಕ್ಕೆ ಏನೆನ್ನಬೇಕು?

ಕೈಯ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ. ಔರಾದ ಸೀಮೆಯ ಹೊಲದಲ್ಲಿ ಹೆಸರುಕಾಯಿ ಬಿಡಿಸಿದ ಕೈ ಇದು. ಭಾಲ್ಕಿಯಲ್ಲಿ ಶಾಲೆಯ ಹುಡುಗಿಯರಿಗೆ ಥ್ರೋಬಾಲ್, ಖೊಖೊ ಕಲಿಸಿದ ಕೈ. ಈಗ ಬೀದರಿಗೆ ಬಂದು ಕೂತ ಮೇಲೆ ಬೆರಳ ತುದಿಯ ಗೆಣ್ಣುಗಳೆಲ್ಲ ಗಂಟುಗಟ್ಟಿವೆ. ಉಪ್ಪಿನಕಾಯಿ ಡಬ್ಬಿಯ ಮುಚ್ಚಳ ತಿರುವಲು ಹೋದರೆ ಹೆಬ್ಬೆರಳ ಬುಡದಲ್ಲಿ ಚಳಕ್ಕೆನ್ನುತ್ತದೆ.

ಹಾಗಂತ ನಿನ್ನದೂ ನನ್ನದೂ ಒಂದೇ ಬೇನೆಯಲ್ಲ. ನಮ್ಮ ಕಡೆ ಎಲ್ಲವನ್ನೂ 'ಕೀಲುಬ್ಯಾನಿ' ಎಂದು ಒಂದೇ ಗಂಟಿಗೆ ಕಟ್ಟುತ್ತಾರೆ, ಅರ್ಧ ಅನಾಹುತ ಅಲ್ಲಿಂದಲೇ ಶುರು. ನನ್ನದು ಸವೆತ. ಎಲುಬಿನ ತುದಿಗಳ ನಡುವಿನ ಮೃದ್ವಸ್ಥಿ ತೆಳುವಾಗುತ್ತ ಹೋಗಿ, ಅಂಚಿನಲ್ಲಿ ಎಲುಬು ಗಂಟಾಗಿ ಬೆಳೆಯುತ್ತದೆ. ಬೆಳಿಗ್ಗೆ ಎದ್ದಾಗ ಬೆರಳು ಬಿಗಿದಿರುತ್ತವೆ, ಚಹಾ ಕುಡಿದು ಮುಗಿಸುವಷ್ಟರಲ್ಲಿ ಸಡಿಲಾಗುತ್ತವೆ. ನಿನ್ನದು ಹಾಗಲ್ಲ. ಮೈಯನ್ನು ಕಾಯಬೇಕಾದ ರಕ್ಷಣೆಯೇ ಕೀಲಿನ ಒಳಪೊರೆಯ ಮೇಲೆ ತಿರುಗಿ ಬೀಳುತ್ತದೆ. ಅದಕ್ಕೇ ಎರಡೂ ಕೈಗಳಲ್ಲಿ ಒಂದೇ ಥರ, ಮುಷ್ಟಿಯ ಗೆಣ್ಣಿನಲ್ಲಿ, ಮಣಿಕಟ್ಟಿನಲ್ಲಿ ಬಾವು. ಬೆಳಗಿನ ಬಿಗಿತ ತಾಸುಗಟ್ಟಲೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು, ಅದೂ ದುಡಿಯುವ ವಯಸ್ಸಿನಲ್ಲೇ. ನನ್ನ ಕೈಗೆ ಬೇಕಾದದ್ದು ಭಾರದ ಲೆಕ್ಕಾಚಾರ. ನಿನ್ನ ಕೈಗೆ ಅದಕ್ಕೂ ಮೊದಲು ಔಷಧಿ ಬೇಕು. ಉರಿಯುತ್ತಿರುವ ಕೀಲನ್ನು ಔಷಧಿಯಿಂದ ಆರಿಸದೆ ವ್ಯಾಯಾಮ, ಎಣ್ಣೆ, ಆಟ ಎಂದು ಹೊರಟರೆ ಕೀಲು ಒಳಗೊಳಗೇ ಹಾಳಾಗುತ್ತದೆ. ಮೊದಲ ಕೆಲವು ತಿಂಗಳುಗಳಲ್ಲಿ ಸರಿಯಾದ ಚಿಕಿತ್ಸೆ ಸಿಕ್ಕವರ ಬೆರಳು ಮುಂದೆ ನೆಟ್ಟಗೆ ಉಳಿಯುವ ಸಾಧ್ಯತೆ ಬಹಳ ಹೆಚ್ಚು. ನೀನು ಬೇಗ ತೋರಿಸಿಕೊಂಡದ್ದು ಒಳ್ಳೆಯದಾಯಿತು.

ಮೆಥೊಟ್ರೆಕ್ಸೇಟ್ ಕೊಟ್ಟಿದ್ದಾರಂತೆ. ಅದು ವಾರಕ್ಕೆ ಒಂದೇ ದಿನ ನುಂಗುವ ಗುಳಿಗೆ. ದಿನಾ ನುಂಗಿದರೆ ಜೀವಕ್ಕೇ ಅಪಾಯ, ಇದರಲ್ಲಿ ಉತ್ಪ್ರೇಕ್ಷೆಯಿಲ್ಲ. ವಾರದ ಒಂದು ದಿನ ಗೊತ್ತು ಮಾಡಿಕೊಂಡು ಕ್ಯಾಲೆಂಡರಿನಲ್ಲಿ ಗುರುತು ಹಾಕು, ಉಳಿದ ದಿನ ಆ ಡಬ್ಬಿ ಕಣ್ಣಿಗೆ ಬೀಳದ ಕಡೆ ಇರಲಿ. ಜೊತೆಗೆ ಕೊಡುವ ಫೋಲಿಕ್ ಆಸಿಡ್ ಗುಳಿಗೆಯನ್ನೂ ರಕ್ತಪರೀಕ್ಷೆಯನ್ನೂ ತಪ್ಪಿಸಬೇಡ. ಯಾರೋ ಜಾತ್ರೆಯಲ್ಲಿ ಮಾರುವ, ಹೆಸರು ವಿಳಾಸ ಇಲ್ಲದ ಪುಡಿಯ ಪೊಟ್ಟಣವನ್ನು ಅತ್ತೆ ಕಳಿಸಿದರೆ ಮರ್ಯಾದೆಯಿಂದ ಇಸಿದುಕೊಂಡು ಒಗೆದುಬಿಡು. ಎರಡೇ ದಿನದಲ್ಲಿ ನೋವು ಮಾಯವಾಯಿತೆಂದು ಜನ ಹೊಗಳುವ ಇಂಥ ಎಷ್ಟೋ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿರುತ್ತದೆ. ಅಳತೆಯಿಲ್ಲದ ಸ್ಟೆರಾಯ್ಡ್ ಮುಖ ಊದಿಸುತ್ತದೆ, ಸಕ್ಕರೆ ಏರಿಸುತ್ತದೆ, ಎಲುಬು ಟೊಳ್ಳು ಮಾಡುತ್ತದೆ.

ಕೈಬೇನೆ ಮುದುಕರ ಪಾಲಿನದು ಎಂಬ ಮಾತು ನಮ್ಮ ಜಿಲ್ಲೆಯಲ್ಲಿ 2006ರಲ್ಲೇ ಸುಳ್ಳಾಯಿತು. ಆ ವರ್ಷ ಕರ್ನಾಟಕದ ಅನೇಕ ಜಿಲ್ಲೆಗಳ ಜೊತೆ ಬೀದರಿಗೂ ಚಿಕುನ್‌ಗುನ್ಯಾ ಬಡಿಯಿತು. ಜ್ವರ ವಾರದಲ್ಲಿ ಇಳಿಯಿತು, ಕೀಲು ಹಿಡಿದದ್ದು ಬಿಡಲಿಲ್ಲ. ಗಟ್ಟಿಮುಟ್ಟಾದ ಹುಡುಗರು ಕುಡುಗೋಲಿನ ಹಿಡಿಯ ಸುತ್ತ ಬೆರಳು ಮಡಚಲಾರದೆ ಬದುವಿನ ಮೇಲೆ ಕೂತಿದ್ದರು. ಕೆಲವರಿಗೆ ಅದು ತಿಂಗಳಾನುಗಟ್ಟಲೆ ಉಳಿಯಿತು. ಆಗ ಊರವರು ಹೇಳುತ್ತಿದ್ದ ಬುದ್ಧಿ ಒಂದೇ: "ಕೈ ಅಲುಗಾಡಿಸಬ್ಯಾಡ, ಸುಮ್ನ ಕೂಡು." ಬಾವು ಕೆಂಪಾಗಿ ಬಿಸಿಯಾಗಿರುವ ದಿನಗಳಿಗೆ ಆ ಬುದ್ಧಿ ಸರಿ. ಬಾವು ಇಳಿದ ಮೇಲೂ ಹಾಗೇ ಕೂತವರ ಕೈ ಮಾತ್ರ ಬಿಗಿದುಕೊಂಡಿತು, ಸ್ನಾಯು ಕರಗಿತು, ಹಿಡಿತ ಹೋಯಿತು.

ಇದು ನನ್ನ ಕಣ್ಣಳತೆಯ ಮಾತಷ್ಟೇ ಅಲ್ಲ. ಬ್ರಿಟನ್ನಿನಲ್ಲಿ ರುಮಟಾಯ್ಡ್ ಇರುವ 490 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಮಾಮೂಲಿ ಆರೈಕೆಯ ಜೊತೆ ಕೈ ಚಾಚುವ, ಬಲ ಹೆಚ್ಚಿಸುವ ವ್ಯಾಯಾಮವನ್ನು ಕ್ರಮವಾಗಿ ಕಲಿಸಿ, ಒಂದು ವರ್ಷದ ಬಳಿಕ ಅಳೆದು ನೋಡಿದರು. 2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ವ್ಯಾಯಾಮ ಮಾಡಿದವರ ಕೈ ಕೆಲಸಕ್ಕೆ ಹೆಚ್ಚು ಒದಗುತ್ತಿತ್ತು. ನೋವಿನಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ, ಹೆಚ್ಚೂ ಆಗಿರಲಿಲ್ಲ. ಈ ಕೊನೆಯ ಸಂಗತಿ ನಿನಗೆ ಮುಖ್ಯ. ವ್ಯಾಯಾಮದಿಂದ ನೋವು ಹೋಗುತ್ತದೆಂದು ಕಾಯಬೇಡ. ಕೈ ನಿನ್ನ ಮಾತು ಕೇಳಲಿ ಎಂದು ಮಾಡು.

ಕೈಯನ್ನು ದಣಿಸದೆ ದುಡಿಸುವುದು ಹೇಗೆಂದು ತಿಳಿಯಲು ಇನ್ನು ನಮ್ಮ ಬೀದರಿನ ಬಿದರಿ ಕೆಲಸದ ಮಾತು. ನೀನು ಈ ಊರಲ್ಲೇ ಹುಟ್ಟಿದರೂ ಅದನ್ನು ಸರಿಯಾಗಿ ಕೂತು ನೋಡಿದವಳಲ್ಲ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ, ಅರದಿಂದ ಉಜ್ಜಿ ನುಣುಪು ಮಾಡುತ್ತಾರೆ, ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿ ಅದರ ಮೇಲೆ ಚಿತ್ತಾರ ಗೀರುತ್ತಾರೆ. ಆಮೇಲೆ ಉಳಿಯಿಂದ ಕೊರೆತ. ಕೊರೆದ ಗೀರಿನಲ್ಲಿ ಬೆಳ್ಳಿಯ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾರೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಹಚ್ಚಿದಾಗ ಮೈ ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. ನಾನು ನೋಡಿದ್ದು ಆ ಚೆಲುವನ್ನಲ್ಲ, ಅವರ ಕೈಯನ್ನು. ಪಿ.ಟಿ. ಟೀಚರಿನ ಚಟ. ಕೊರೆಯುವಾಗ ವಸ್ತುವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಕೂರುವುದಿಲ್ಲ, ಮೇಣದಿಂದ ಅಲುಗದಂತೆ ಕೂರಿಸಿರುತ್ತಾರೆ. ಹೀಗಾಗಿ ಎರಡೂ ಕೈ ಬಿಡುವು. ಒಂದರಲ್ಲಿ ಉಳಿ, ಒಂದರಲ್ಲಿ ಸುತ್ತಿಗೆ. ಉಳಿಯನ್ನು ಹಿಸುಕಿ ಹಿಡಿಯದೆ ದಾರಿ ತೋರಿಸುವಷ್ಟೇ ಹಿಡಿಯುತ್ತಾರೆ, ಪೆಟ್ಟಿನ ಕೆಲಸವೆಲ್ಲ ಸುತ್ತಿಗೆಯ ತೂಕದ್ದು. 2023ರಲ್ಲಿ ಪದ್ಮಶ್ರೀ ಬಂದಾಗ ನಮ್ಮೂರಿನ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಅರವತ್ತೈದು ದಾಟಿತ್ತು. ಅಷ್ಟು ವರ್ಷ ಇಂಥ ನಾಜೂಕಿನ ಕೆಲಸದಲ್ಲಿ ಕೈ ಉಳಿಯಬೇಕಾದರೆ ಹಿಡಿತ ಹಗುರಾಗಿರಲೇಬೇಕು ಎಂಬುದು ನನ್ನ ತರ್ಕ.

ಇದರಲ್ಲಿ ನಿನಗೆ ಎರಡು ಪಾಠ. ಒಂದು, ಹಿಡಿಯುವ ಕೆಲಸವನ್ನು ಬೆರಳಿನಿಂದ ಕಸಿದು ಬೇರೆ ಯಾವುದಕ್ಕಾದರೂ ವಹಿಸು. ನಮ್ಮ ಇಳಿಗೆಮಣೆಯನ್ನೇ ನೋಡು. ಮಣೆ ಕಾಲಡಿಯಲ್ಲಿ, ಅಲಗು ನೆಟ್ಟಗೆ ನಿಂತಿದೆ, ಬದನೆಕಾಯಿಯನ್ನು ಎರಡೂ ಅಂಗೈಯಿಂದ ತಳ್ಳಿದರೆ ಸಾಕು. ಚಾಕು ಹಿಡಿದು ಒತ್ತುವ ಹೊರೆ ಹೆಬ್ಬೆರಳಿಗಿಲ್ಲ. ನೆಲಕ್ಕೆ ಕೂರಲು ಮೊಣಕಾಲು ಒಪ್ಪಬೇಕು ಅಷ್ಟೆ, ನಿನ್ನದು ಒಪ್ಪುತ್ತದೆ. ಎರಡು, ಯಾವ ಹವ್ಯಾಸವೂ ಒಂದೇ ಕೆಲಸವಲ್ಲ, ಅದರೊಳಗೆ ಹತ್ತು ಕೆಲಸಗಳಿರುತ್ತವೆ. ಎರಕ, ಉಜ್ಜುವುದು, ಚಿತ್ತಾರ, ಕೊರೆತ, ತಟ್ಟುವುದು, ಕಪ್ಪು ಹಚ್ಚುವುದು ಇವೆಲ್ಲ ಬೆರಳನ್ನು ಒಂದೇ ರೀತಿ ದಂಡಿಸುವುದಿಲ್ಲ. ಕೈ ಒಲ್ಲೆ ಎಂದ ಒಂದನ್ನು ಬಿಡು, ಒಂಬತ್ತನ್ನು ಇಟ್ಟುಕೋ.

ನನ್ನ ಕೌದಿಯಲ್ಲಿ ಹಾಗೇ ಆಯಿತು. ಹಳೇ ಸೀರೆ ಕತ್ತರಿಸುವುದು ಹೆಬ್ಬೆರಳಿಗೆ ಆಗದು, ಆ ಕತ್ತರಿ ಈಗ ಪಕ್ಕದ ಮನೆಯ ಹುಡುಗಿಯ ಕೈಗೆ ಹೋಗಿದೆ. ತೇಪೆ ಜೋಡಿಸುವುದು, ಬಣ್ಣ ಕೂಡಿಸುವುದು ನನ್ನದು. ಹೊಲಿಯಲು ದಪ್ಪನೆಯ ಉದ್ದ ಸೂಜಿ, ಅದರ ನಡುವಿಗೆ ತೆಳ್ಳನೆಯ ರಬ್ಬರು ಸುತ್ತಿದ್ದೇನೆ, ಎಳೆಯುವಾಗ ಜಾರುವುದಿಲ್ಲ. ಕೌದಿಯನ್ನು ಎಡಗೈಯಲ್ಲಿ ಹಿಡಿಯುವ ಬದಲು ಮಣೆಯ ಮೇಲೆ ಹರಡಿ ಅಂಚಿಗೆ ಗುಂಡುಕಲ್ಲು ಹೇರುತ್ತೇನೆ. ಗೋಡೆಯ ಗಡಿಯಾರ ನೋಡಿ ಅರ್ಧ ತಾಸಿಗೆ ಎದ್ದುಬಿಡುತ್ತೇನೆ, ಸಾಲು ಅರ್ಧಕ್ಕೆ ನಿಂತಿದ್ದರೂ ಸರಿ. ಸಾಲು ಮುಗಿಸಿಯೇ ಏಳುತ್ತೇನೆ ಎಂಬ ಹಟವೇ ಕೈಗೆ ದೊಡ್ಡ ಶತ್ರು. ನಿಮ್ಮ ವಯಸ್ಸಿನವರಿಗೆ ಇದೇ ಕಷ್ಟ, ಬಲ್ಲೆ.

ಬ್ಯಾಡ್ಮಿಂಟನ್ನಿಗೆ ಬರೋಣ. ಶಟಲ್ ಕಾಕಿನ ತೂಕ ಹೆಚ್ಚೂಕಡಿಮೆ 5 ಗ್ರಾಂ, ಈಗಿನ ಬ್ಯಾಟು 80–90 ಗ್ರಾಂ. ಭಾರ ನಿನ್ನ ವೈರಿಯಲ್ಲ. ವೈರಿ ನಿನ್ನ ಬಿಗಿಮುಷ್ಟಿ. ನೀನು ಆಡುವುದನ್ನು ನಾನು ನೋಡಿದ್ದೇನೆ, ಕಾಕು ಎದುರಿನ ಅಂಕಣದಲ್ಲಿದ್ದಾಗಲೂ ಹಿಡಿಯನ್ನು ಕತ್ತು ಹಿಚುಕಿದಂತೆ ಹಿಡಿದಿರುತ್ತೀ. ಸಡಿಲ ಹಿಡಿ, ಕಾಕು ತಾಗುವ ಕ್ಷಣಕ್ಕೆ ಮಾತ್ರ ಬಿಗಿ ಮಾಡು, ಮತ್ತೆ ಸಡಿಲಬಿಡು. ಒಳ್ಳೆಯ ಆಟಗಾರರಿಗೂ ಕಲಿಸುವುದು ಇದನ್ನೇ, ಹೊಡೆತದ ವೇಗವೂ ಅದರಿಂದಲೇ ಬರುತ್ತದೆ. ಹಿಡಿಗೆ ಟವೆಲ್ ಗ್ರಿಪ್ಪನ್ನೋ ಇನ್ನೊಂದು ಸುತ್ತು ಪಟ್ಟಿಯನ್ನೋ ಸುತ್ತಿಸು. ಹಿಡಿ ದಪ್ಪವಾದಷ್ಟೂ ಬೆರಳು ಕಡಿಮೆ ಮಡಚಿ, ಕಡಿಮೆ ಒತ್ತಿದರೆ ಸಾಕಾಗುತ್ತದೆ. ತಂತಿಯ ಬಿಗಿಯನ್ನೂ ಸ್ವಲ್ಪ ಇಳಿಸಲು ಹೇಳು. ಸಿಂಗಲ್ಸ್ ಬಿಟ್ಟು ಡಬಲ್ಸ್ ಆಡು, ಸ್ಮ್ಯಾಶ್ ಬಿಟ್ಟು ಡ್ರಾಪ್ ಕಲಿ. ಮುಂಚೆ ಬಲದಿಂದ ಗೆಲ್ಲುತ್ತಿದ್ದವಳು ಈಗ ಕಪಟದಿಂದ ಗೆಲ್ಲು, ಅದರ ರುಚಿಯೇ ಬೇರೆ.

ಥ್ರೋಬಾಲ್, ವಾಲಿಬಾಲ್ ಮಾತ್ರ ಗೆಣ್ಣು ಊದಿರುವಾಗ ಬೇಡ. ವಾಲಿಬಾಲಿನ ತೂಕ 260ರಿಂದ 280 ಗ್ರಾಂ, ಅದು ವೇಗದಲ್ಲಿ ಬಂದು ಚಾಚಿದ ಬೆರಳಿಗೆ ಬಡಿದರೆ ಯಾವ ಗುಳಿಗೆಯೂ ಕಾಯದು. ಖೊಖೊ ಆಡಬಹುದು, ಮುಟ್ಟಲು ತೆರೆದ ಅಂಗೈ ಸಾಕು, ಆದರೆ ಕಂಬ ಹಿಡಿದು ಗಿರಕಿ ಹೊಡೆಯುವುದಕ್ಕೆ ಮಣಿಕಟ್ಟು ಒಪ್ಪುತ್ತದೆಯೇ ನೋಡಿಕೋ. ಕೇರಂ ಸ್ಟ್ರೈಕರ್ 15 ಗ್ರಾಂ ಮೀರಬಾರದೆಂಬುದು ನಿಯಮ, ತೋರುಬೆರಳು ಮುನಿದರೆ ನಡುಬೆರಳು ಇದೆ. ಪೌಡರ್ ಮಾತ್ರ ಧಾರಾಳವಾಗಿ ಹಾಕು, ಕಂಜೂಸಿ ಮಾಡಿದ ಬೋರ್ಡಿನ ಮೇಲೆ ಬೆರಳಿಗೆ ಇಮ್ಮಡಿ ಕೆಲಸ. ನಡೆಯಲು ಕೈ ಬೇಕಿಲ್ಲ, ಕೋಟೆಯೊಳಗೆ ಬೇಕಾದಷ್ಟು ದಾರಿಯಿದೆ.

ಆಟದ ದೊಡ್ಡವರ ಮಾತು ಬೇಕೆಂದರೆ, ಡೆನ್ಮಾರ್ಕಿನ ಟೆನಿಸ್ ಆಟಗಾರ್ತಿ ಕ್ಯಾರೊಲಿನ್ ವೋಜ್ನಿಯಾಕಿ 2018ರ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಅದೇ ವರ್ಷ ಅವರಿಗೆ ರುಮಟಾಯ್ಡ್ ಎಂದು ಗೊತ್ತಾಯಿತು. ಗೊತ್ತಾದ ಮೇಲೆ ಅಕ್ಟೋಬರಿನಲ್ಲಿ ಬೀಜಿಂಗಿನ ಚೀನಾ ಓಪನ್ ಗೆದ್ದರು. 2020ರಲ್ಲಿ ಆಟ ಬಿಟ್ಟು, ಇಬ್ಬರು ಮಕ್ಕಳ ತಾಯಿಯಾಗಿ 2023ರಲ್ಲಿ ಮತ್ತೆ ಅಂಕಣಕ್ಕೆ ಬಂದರು. ಅವರ ಹಿಂದೆ ವೈದ್ಯರ ಪಡೆಯೇ ಇರುತ್ತದೆ, ನಮ್ಮಲ್ಲಿ ತಜ್ಞರನ್ನು ಕಾಣಲು ಹೈದರಾಬಾದಿಗೆ ಹೋಗಬೇಕಾಗಬಹುದು, ಅದು ನನಗೆ ಗೊತ್ತು. ನನಗೆ ಅವರಿಗಿಂತ ಹತ್ತಿರದವನಾಗಿ ಕಾಣುವುದು ಇದೇ ಬೇನೆಯಿದ್ದ ಫ್ರಾನ್ಸಿನ ಚಿತ್ರಕಾರ ರೆನ್ವಾರ್. ಈಗಿನ ಔಷಧಿ ಒಂದೂ ಇಲ್ಲದ ಕಾಲ. ಕೈ ಸೊಟ್ಟಗಾಗುತ್ತಿದ್ದಾಗ ಬೆಳಿಗ್ಗೆ ಚೆಂಡುಗಳನ್ನು ಎಸೆದು ಹಿಡಿಯುತ್ತ ಬೆರಳು ಆಡಿಸುತ್ತಿದ್ದ. ಅದೂ ಆಗದಾದಾಗ ಇನ್ನೊಂದು ಆಟ ಹುಡುಕಿಕೊಂಡ. ಕುಂಚವನ್ನು ಕೈಗೆ ಕಟ್ಟಿಕೊಳ್ಳುತ್ತಿದ್ದ ಎಂದು ಹೇಳುವುದುಂಟು, ಅದು ಪೂರ್ತಿ ನಿಜವಲ್ಲ. ಅಂಗೈಯ ಚರ್ಮಕ್ಕೆ ಗಾಯವಾಗದಂತೆ ಬಟ್ಟೆ ಸುತ್ತಿಸಿಕೊಂಡು, ಕುಂಚವನ್ನು ಬೆರಳ ನಡುವೆ ಇಡಿಸಿಕೊಳ್ಳುತ್ತಿದ್ದ. ದೊಡ್ಡ ಚಿತ್ರವಿದ್ದರೆ ಬಟ್ಟೆಯನ್ನೇ ಉರುಳೆಗಳಿಗೆ ಸುತ್ತಿ ತಾನಿದ್ದಲ್ಲಿಗೆ ಸರಿಯುವಂತೆ ಮಾಡಿಕೊಂಡಿದ್ದ. 1919ರ ಡಿಸೆಂಬರಿನಲ್ಲಿ ತೀರಿಕೊಳ್ಳುವವರೆಗೂ ಬರೆದ.

ಎಷ್ಟು ಆಡಬೇಕು ಎಂದು ಕೇಳುತ್ತೀ. ಅದಕ್ಕೆ ಫಿಸಿಯೋಥೆರಪಿಯವರು ಹೇಳುವ ಒಂದು ಅಳತೆ ಇದೆ. ಆಡಿದ ಎರಡು ತಾಸಿನ ಮೇಲೂ ನೋವು ಮೊದಲಿಗಿಂತ ಹೆಚ್ಚಿದ್ದರೆ ಅಂದು ಅತಿಯಾಯಿತು, ಮರುದಿನ ಕಡಿಮೆ ಮಾಡು. ಎರಡು ತಾಸಿನೊಳಗೆ ಇಳಿದರೆ ಹೆದರಬೇಡ. ಗೆಣ್ಣು ಬಿಸಿಯಾಗಿ, ಕೆಂಪಾಗಿ, ಉಂಗುರ ಬರದಂತೆ ಊದಿದ ದಿನ ಆಟ ಇಲ್ಲ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ, ವಿಶ್ರಾಂತಿ, ಬೆರಳನ್ನು ಮೆಲ್ಲಗೆ ಒಮ್ಮೆ ಪೂರ್ತಿ ಬಿಚ್ಚಿ ಮಡಚುವುದು, ಅಷ್ಟೇ. ಉಂಗುರವನ್ನಂತೂ ಈಗಲೇ ತೆಗೆದಿಡು, ಆಮೇಲೆ ಅಕ್ಕಸಾಲಿಗನ ಕತ್ತರಿಗೆ ಕೊಡಬೇಕಾದೀತು.

ಬೀದರಿನ ಚಳಿ ನಿನಗೆ ಗೊತ್ತು. ಎಳ್ಳಮವಾಸ್ಯೆಯ ಆಸುಪಾಸಿನ ನಸುಕಿನಲ್ಲಿ ಬೆರಳು ಕಟ್ಟಿಗೆಯಾಗುತ್ತವೆ. ನಸುಕಿಗೇ ಸ್ಟೇಡಿಯಂಗೆ ಓಡಬೇಡ, ಬಿಸಿಲೇರಲಿ. ಹೊರಡುವ ಮುಂಚೆ ಹತ್ತು ನಿಮಿಷ ಬಿಸಿನೀರಿನ ಬೋಗುಣಿಯಲ್ಲಿ ಕೈಯಿಟ್ಟು ಬೆರಳು ಆಡಿಸು. ಅದಕ್ಕೂ ಒಳ್ಳೆಯದು ಜೋಳದ ರೊಟ್ಟಿ. ನಗಬೇಡ. ಹಿಟ್ಟಿಗೆ ಕುದಿನೀರು ಹೊಯ್ದು, ಕೈ ತಾಳುವಷ್ಟು ಆರಿದ ಮೇಲೆ ನಾದಿದರೆ ಶಾಖವೂ ಸಿಗುತ್ತದೆ, ವ್ಯಾಯಾಮವೂ ಆಗುತ್ತದೆ. ಮುಷ್ಟಿಯ ಗೆಣ್ಣಿನಿಂದ ಗುದ್ದಬೇಡ, ಅಂಗೈಯ ಬುಡದಿಂದ ಒತ್ತು. ತಟ್ಟುವಾಗ ಅಂಗೈ ಚಪ್ಪಟೆಯಾಗಿರಲಿ. ಒಂದು ಬುಟ್ಟಿ ರೊಟ್ಟಿ ಬಡಿಯುವುದು ಬೇರೆ ಮಾತು, ನಾನು ಹೇಳುತ್ತಿರುವುದು ನಾಲ್ಕು ರೊಟ್ಟಿಯದು. ಮದುವೆಮನೆಯಲ್ಲಿ ಹತ್ತು ಸೇರು ಹಿಟ್ಟಿನ ಮುಂದೆ ಕೂರಿಸಿದರೆ ನನ್ನ ಹೆಸರು ಹೇಳಿ ಎದ್ದು ಬಾ.

ಔರಾದದಲ್ಲಿ ನಿನ್ನ ಕಾಕಾನ ಮಗನಿಗೂ ಮೊನ್ನೆಯಿಂದ ಹೆಬ್ಬೆರಳ ಬುಡ ನೋವಂತೆ. ಅವನಿಗೆ ಈ ಕಾಗದ ತೋರಿಸು. ದೇವಣಿ ಆಕಳನ್ನು ಅವನು ಹೆಬ್ಬೆರಳು ಮಡಚಿ ಹಿಂಡುತ್ತಾನೆ, ಅದು ಅವನ ಕೀಲಿಗೂ ಆಕಳ ಮೊಲೆಗೂ ಒಳ್ಳೆಯದಲ್ಲ. ಇಡೀ ಅಂಗೈಯಿಂದ ಹಿಂಡಲಿ. ಕುರ್ಪಿಯ ಹಿಡಿಗೆ ಹಳೇ ಸೈಕಲ್ ಟ್ಯೂಬು ಸುತ್ತಲಿ. ರಾತ್ರಿಯೆಲ್ಲ ಫೋನನ್ನು ಹೆಬ್ಬೆರಳಿನಿಂದ ತಿಕ್ಕುವುದೂ ಒಂದು ದುಡಿಮೆಯೇ ಎಂದು ಹೇಳು. ಬಾಯಿಂದ ಹೇಳಿದರೆ ಅದೇ ಕನ್ನಡದಲ್ಲಿ ಬರೆದುಕೊಳ್ಳುತ್ತದಲ್ಲ, ಹಾಗೆ ಮಾಡಲಿ. ಸಿಗರೇಟು ಸೇದುತ್ತಾನೆಂಬ ಸುದ್ದಿ ನನಗೂ ಬಂದಿದೆ. ರುಮಟಾಯ್ಡ್ ಬರುವ ಅಪಾಯವನ್ನು ಹೊಗೆ ಹೆಚ್ಚಿಸುತ್ತದೆ, ಬಂದವರಿಗೆ ಬೇನೆಯನ್ನು ಹೆಚ್ಚಿಸುತ್ತದೆ. ಬೆರಳು ಲಟಕ್ಕೆನ್ನಿಸಿದರೆ ಕೀಲುಬ್ಯಾನಿ ಬರುತ್ತದೆ ಎಂದು ಅವನಿಗೆ ಯಾರೂ ಬೈಯಬೇಕಾಗಿಲ್ಲ. ಅಮೆರಿಕದ ಡೊನಾಲ್ಡ್ ಉಂಗರ್ ಎಂಬ ವೈದ್ಯ ಅರವತ್ತು ವರ್ಷ ಒಂದೇ ಕೈಯ ಬೆರಳು ಲಟಕಿಸಿ ನೋಡಿದ, ಎರಡು ಕೈಗೂ ಏನೂ ವ್ಯತ್ಯಾಸ ಬರಲಿಲ್ಲ. 2009ರಲ್ಲಿ ಅದಕ್ಕೆ ನಗೆಯ ನೊಬೆಲ್ ಎನ್ನುವ ಇಗ್ ನೊಬೆಲ್ ಕೊಟ್ಟರು.

ಇನ್ನು ಜನರ ಬಾಯಿ. ನಿನ್ನ ಬೇನೆ ಹೊರಗೆ ಕಾಣುವುದಿಲ್ಲ. ಬಿಂದಿಗೆ ಎತ್ತದಿದ್ದರೆ ಕೆಲಸಗಳ್ಳಿ ಎನ್ನುತ್ತಾರೆ, ಸಂಜೆ ಆಡಲು ಹೋದರೆ "ಆಡಾಕ ಕೈ ಬರ್ತದ, ಕೆಲಸಕ್ಕ ಬರಂಗಿಲ್ಲೇನು?" ಎನ್ನುತ್ತಾರೆ. ಮುಚ್ಚಿಟ್ಟರೆ ಈ ಮಾತು ನಿಲ್ಲುವುದಿಲ್ಲ. ಇಂಥದ್ದು ಬಂದಿದೆ, ಇಂಥ ಕೆಲಸ ಆಗುತ್ತದೆ, ಇಂಥದ್ದು ಆಗದು ಎಂದು ಒಮ್ಮೆ ನೇರವಾಗಿ ಹೇಳಿಬಿಡು. ಬಿಂದಿಗೆ ಸೊಂಟಕ್ಕೆ, ಚೀಲ ಹೆಗಲಿಗೆ, ಬೆರಳಿಗೆ ಏನೂ ತೂಗುಹಾಕಬೇಡ.

ಮದುವೆಯ ಮಾತು ಬಂದಾಗಲೂ ಇದೇ. ಭಾಲ್ಕಿಯ ಆ ಮನೆಯವರಿಗೆ ಏನೂ ಹೇಳುವುದು ಬೇಡ ಎಂದು ನಿಮ್ಮಪ್ಪ ಗುಸುಗುಸು ಮಾಡುತ್ತಿದ್ದಾನಂತೆ. ಹೇಳಲೇಬೇಕು ಎಂಬುದು ನನ್ನ ಅಭಿಪ್ರಾಯ, ಅವನಿಗೂ ಹೇಳಿದ್ದೇನೆ. ವಾರವಾರ ಗುಳಿಗೆ ನುಂಗುವುದನ್ನು ಒಂದೇ ಮನೆಯಲ್ಲಿದ್ದು ಎಷ್ಟು ದಿನ ಮುಚ್ಚಿಡುತ್ತೀ? ಮುಚ್ಚಿಡಲು ಹೋಗಿ ಔಷಧಿ ಬಿಟ್ಟ ಹುಡುಗಿಯರನ್ನು ನಾನು ಕಂಡಿದ್ದೇನೆ, ಅವರ ಬೆರಳನ್ನೂ ಕಂಡಿದ್ದೇನೆ. ಇನ್ನೊಂದು ಸಂಗತಿ. ಮೆಥೊಟ್ರೆಕ್ಸೇಟ್ ಹೊಟ್ಟೆಯಲ್ಲಿರುವ ಮಗುವಿಗೆ ಕೆಡುಕು, ಬಸುರಿಗೆ ಮುಂಚೆಯೇ ಡಾಕ್ಟರ ಸಲಹೆಯಂತೆ ಅದನ್ನು ನಿಲ್ಲಿಸಿ ಬೇರೆಯದನ್ನು ಹಿಡಿಯಬೇಕಾಗುತ್ತದೆ. ಆ ಹೊತ್ತಿಗೆ ಕೊಡಬಹುದಾದ ಔಷಧಿಗಳಿವೆ. ನೀನಾಗಿಯೇ ನಿಲ್ಲಿಸಬೇಡ. ಮುಂದಿನ ಸಲ ಹೋದಾಗ ಈ ಪ್ರಶ್ನೆಯನ್ನೂ ಚೀಟಿಯಲ್ಲಿ ಬರೆದುಕೊಂಡು ಹೋಗು. ನಿಮ್ಮವ್ವನ ಮುಂದೆ ಕೇಳಲು ನಾಚಿಕೆಯಾದರೆ ಅವಳನ್ನು ಹೊರಗೆ ಬೆಂಚಿನ ಮೇಲೆ ಕೂಡಿಸು.

ನಿನ್ನ ಆಯಿ